ಎಕ್ಸ್ ಗುರುತಿನ ಕುದುರೆ

ಶನಿವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತರೆ ನಾನು ಮೊದಲು ಹುಡುಕುವುದು ಒಂದೇ ಒಂದು ಅಕ್ಷರ. ಎಕ್ಸ್. ಮೆಲ್ಬರ್ನ್‌ನ ರೇಸ್ ಪಟ್ಟಿಯಲ್ಲಿ ಪ್ರತಿ ಕುದುರೆಯ ಹೆಸರಿನ ಪಕ್ಕ ಒಂದಿಷ್ಟು ಅಂಕಿ ಇರುತ್ತವೆ. 42710, ಹೀಗೆ. ಹಿಂದಿನ ಓಟಗಳಲ್ಲಿ ಅದು ಎಷ್ಟನೆಯದಾಗಿ ಬಂತು ಅಂತ. ಸೊನ್ನೆ ಅಂದರೆ ಹತ್ತನೆಯ ಜಾಗ, ಇಲ್ಲವೇ ಇನ್ನೂ ಹಿಂದೆ. ಅಂಕಿಗಳ ಮಧ್ಯೆ ಎಕ್ಸ್ ಇದ್ದರೆ ಕುದುರೆ ಅಲ್ಲಿ ಸುಮಾರು ಮೂರು ತಿಂಗಳೋ, ಅದಕ್ಕೂ ಜಾಸ್ತಿಯೋ ಓಡಿಲ್ಲ. ಇಲ್ಲಿನವರು ಇದನ್ನು ‘ಸ್ಪೆಲ್’ ಅನ್ನುತ್ತಾರೆ. ಸಾಲು ಎಕ್ಸ್‌ನಲ್ಲೇ ಮುಗಿದಿದ್ದರೆ ಕುದುರೆ ರಜೆ ಮುಗಿಸಿ ಇವತ್ತೇ ಬರುತ್ತಿದೆ. ಅದು ‘ಫಸ್ಟ್ ಅಪ್’. ಮುಂದಿನ ಓಟ ಸೆಕೆಂಡ್ ಅಪ್, ಅದರ ಮುಂದಿನದು ಥರ್ಡ್ ಅಪ್.

ಈ ಎಕ್ಸ್ ಮೇಲೆ ಮೋಹ ಹತ್ತಿಸಿದ್ದು ಮೆಲ್ಬರ್ನ್ ಅಲ್ಲ, ಬೆಂಗಳೂರು. ಸರಿಯಾಗಿ ಹೇಳಬೇಕೆಂದರೆ ನನ್ನ ಸೋದರಮಾವ.

ಮಾವನ ಮನೆ ಶೇಷಾದ್ರಿಪುರದಲ್ಲಿ. ರೇಸ್ ಇದ್ದ ದಿನ ಊಟ ಮುಗಿಸಿ, ಶಿವಾನಂದ ಸರ್ಕಲ್ ದಾಟಿಕೊಂಡು ನಡೆದೇ ಹೊರಡುತ್ತಿದ್ದರು. ಅತ್ತೆಗೆ ‘ಸ್ವಲ್ಪ ಬ್ಯಾಂಕ್ ಕೆಲಸ’ ಅಂತ ಹೇಳಿ. ಭಾನುವಾರ ಯಾವ ಬ್ಯಾಂಕ್ ತೆಗೆದಿರುತ್ತದೆ ಅಂತ ಅತ್ತೆ ಒಂದು ದಿನವೂ ಕೇಳಲಿಲ್ಲ. ನಾನು ಕಾಲೇಜು ಸೇರಿದ ಮೇಲೆ ನನ್ನನ್ನೂ ಕರೆದುಕೊಂಡು ಹೋಗಲು ಶುರು ಮಾಡಿದರು. ಪೇಪರ್‌ನಲ್ಲಿ ಬರುವ ಟ್ರ್ಯಾಕ್‌ವರ್ಕ್ ಓದುವುದನ್ನು ಕಲಿಸಿದ್ದು ಅವರೇ. ಬೆಳಗಿನ ಜಾವ ಯಾವ ಕುದುರೆ ಎಷ್ಟು ದೂರ ಓಡಿತು, ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನುವ ಸಣ್ಣ ಅಕ್ಷರದ ಪಟ್ಟಿ. ಔಟರ್ ಸ್ಯಾಂಡ್, 1200 ಮೀಟರ್, ಕೊನೆಯ 600 ಇಷ್ಟು ಸೆಕೆಂಡ್, ಸಲೀಸಾಗಿ ಓಡಿತು. ಕೆಲವು ಹೆಸರಿನ ಮುಂದೆ ಆರ್.ಬಿ. ಅಂತ ಇರುತ್ತಿತ್ತು.

“ಮಾವ, ಆರ್.ಬಿ. ಅಂದ್ರೆ ಏನು?”

“ರೈಡಿಂಗ್ ಬಾಯ್ ಕಣೋ. ಜಾಕಿ ಕೂತಿಲ್ಲ. ಆರು ತಿಂಗಳು ಕಾಣೆಯಾಗಿದ್ದ ಕುದುರೆ ಮೇಲೆ ಬೆಳಗ್ಗೆ ಆರಕ್ಕೆ ಜಾಕಿಯೇ ಬಂದು ಕೂತಿದಾನೆ ಅಂದ್ರೆ ಆಗ ಅನುಮಾನ ಪಡು.”

ಅನುಮಾನ ಪಡುವುದೇ ಆಗ ನಮ್ಮ ಕೆಲಸ. ಬಹಳ ದಿನ ಓಡದ ಕುದುರೆ ಪಟ್ಟಿಯಲ್ಲಿ ಬಂದರೆ ಅದರ ಹಿಂದೆ ಏನೋ ಇದೆ ಅಂತಲೇ ಲೆಕ್ಕ. ಟೀ ಕುಡಿಯುವಾಗ ಯಾರೋ ಹತ್ತಿರ ಬಂದು, ಸೈಸ್‌ನ (ಕುದುರೆ ನೋಡಿಕೊಳ್ಳುವ ಆಳಿನ) ಭಾವಮೈದ ಹೇಳಿದ ಅಂತ ಪಿಸುಗುಡುತ್ತಿದ್ದ. “ಇವತ್ತು ಬಿಡ್ತಾರಂತೆ.” ಅಂದರೆ ಹಿಂದೆಲ್ಲ ಬಿಟ್ಟಿರಲಿಲ್ಲ, ಬೇಕೆಂದೇ ಲಗಾಮು ಎಳೆದಿದ್ದರು ಅಂತ. ಬುಕ್ಕಿ ಹತ್ತಿರ ಬೆಲೆ ಒಂದಕ್ಕೆ ಮೂವತ್ತು, ಅಂದರೆ ಒಂದು ರೂಪಾಯಿ ಹಾಕಿ ಗೆದ್ದರೆ ಮೂವತ್ತು ಲಾಭ. ಮಾವನ ಇನ್ನೂರು ರೂಪಾಯಿ ಅಲ್ಲಿಗೆ. ಹತ್ತರಲ್ಲಿ ಒಂಬತ್ತು ಸಲ ಕುದುರೆ ಕೊನೆಯ ತಿರುವಿನಲ್ಲಿ ಸುಸ್ತಾಗಿ ಹಿಂದೆ ಉಳಿಯುತ್ತಿತ್ತು. ಆಗ ಮಾವ ಹೇಳುತ್ತಿದ್ದುದು, ಇವತ್ತೂ ಬಿಡಲಿಲ್ಲ ನೋಡು. ಕುದುರೆಗೆ ಉಸಿರು ಸಾಲಲಿಲ್ಲ ಅನ್ನುವ ಸಾದಾ ಕಾರಣ ಅವರಿಗೆ ಒಪ್ಪಿಗೆಯೇ ಆಗುತ್ತಿರಲಿಲ್ಲ. ನನಗೂ ಆಗುತ್ತಿರಲಿಲ್ಲ ಬಿಡಿ.

ಮೆಲ್ಬರ್ನ್‌ಗೆ ಬಂದ ಮೊದಲ ವರ್ಷ ನವೆಂಬರ್‌ನ ಮೊದಲ ಮಂಗಳವಾರ ರಜೆ ಅಂದರು. ಯಾವ ಹಬ್ಬ ಅಂತ ಕೇಳಿದೆ. ಕುದುರೆ ರೇಸ್, ಮೆಲ್ಬರ್ನ್ ಕಪ್ ಅಂದರು! ಮಾವನಿಗೆ ಫೋನ್ ಮಾಡಿದ್ದೇ ಆ ರಾತ್ರಿ. “ಸರ್ಕಾರವೇ ರಜೆ ಕೊಡುತ್ತಾ?” ಅಂತ ಮೂರು ಸಲ ಕೇಳಿದರು. ಅತ್ತೆಗೂ ಕೇಳಲಿ ಅಂತ ಜೋರಾಗಿ.

ಇಲ್ಲಿ ಗುಟ್ಟು ಕಡಿಮೆ. ಕುದುರೆ ರಜೆಯಿಂದ ಬಂದ ಮೊದಲ ಓಟಗಳಲ್ಲಿ ಇದುವರೆಗೆ ಎಷ್ಟು ಸಲ ಗೆದ್ದಿದೆ, ಎಷ್ಟು ಸಲ ಎರಡನೆಯದು, ಮೂರನೆಯದು ಅಂತ ಪಟ್ಟಿಯಲ್ಲೇ ಅಚ್ಚಾಗಿರುತ್ತದೆ. ಸೆಕೆಂಡ್ ಅಪ್‌ಗೆ ಬೇರೆ ಲೆಕ್ಕ. ರಜೆ ಮುಗಿಸಿದ ಕುದುರೆಯನ್ನು ನಿಜವಾದ ರೇಸ್‌ಗೆ ಮುಂಚೆ ಟ್ರಯಲ್‌ನಲ್ಲಿ ಓಡಿಸುತ್ತಾರೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ‘ಜಂಪ್ ಔಟ್’ ಅಂತ ಇನ್ನೊಂದು ಥರದ ಟ್ರಯಲ್ ಇದೆ. ಅದರ ವಿಡಿಯೋ ಮನೆಯಲ್ಲಿ ಕೂತೇ ನೋಡಬಹುದು. ನಮ್ಮಲ್ಲೂ ಇಂಥದೇ ಮಾಕ್ ರೇಸ್ ಇದೆ, ಇಲ್ಲ ಅಂತಲ್ಲ. ಬೆಳಗಿನ ಓಟದ ಸೆಕೆಂಡುಗಳನ್ನು ದಿನಾ ಪೇಪರ್‌ನಲ್ಲಿ ಓದಿ ತಲೆಕೆಡಿಸಿಕೊಳ್ಳುವ ವಿಷಯದಲ್ಲಂತೂ ಬೆಂಗಳೂರಿನ ಪಂಟರ್, ಅಂದರೆ ರೇಸಿಗೆ ದುಡ್ಡು ಹಾಕುವವನು, ಇಲ್ಲಿಯವನಿಗಿಂತ ಒಂದು ಕೈ ಮೇಲೇ.

ದೊಡ್ಡ ವ್ಯತ್ಯಾಸ ಇರುವುದು ರಜೆಯಲ್ಲೇ. ಬೆಂಗಳೂರಿನಲ್ಲಿ ಬೇಸಿಗೆ ಸೀಸನ್, ಚಳಿಗಾಲದ ಸೀಸನ್ ಅಂತ ಎರಡು. ನಡುವೆ ಕುದುರೆ ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ ಬುಡದಲ್ಲಿ ಓಡಿರಬಹುದು, ಹೈದರಾಬಾದಿಗೋ ಪುಣೆಗೋ ಹೋಗಿರಬಹುದು, ಇಲ್ಲಾ ಸುಮ್ನೆ ನಿಂತಿರಬಹುದು. ನಿಂತದ್ದು ಕಾಲು ನೋವಿಗೋ, ಸೀಸನ್ ಇಲ್ಲದ್ದಕ್ಕೋ, ಬೇಗ ಗೊತ್ತಾಗುವುದಿಲ್ಲ. ಇಲ್ಲಿ ರೇಸ್ ವರ್ಷ ಪೂರ್ತಿ. ಅದಕ್ಕೇ ರಜೆ ಅನ್ನುವುದು ಲೆಕ್ಕ ಹಾಕಿ ಕೊಡುವ ರಜೆ. ಒಳ್ಳೆ ಕುದುರೆಯನ್ನೂ ವರ್ಷಕ್ಕೆ ಒಂದೆರಡು ಸಲ ಹುಲ್ಲಿಗೆ ಬಿಡುತ್ತಾರೆ. ನಾಲ್ಕು ಗೋಡೆಯ ಲಾಯದಿಂದ ತೆಗೆದು, ಲಾಳ ಬಿಚ್ಚಿ, ಬಯಲಲ್ಲಿ. ನಾನು ಮೊದಲ ಸಲ ಅಂಥ ತೋಟ ನೋಡಿದಾಗ ಅಲ್ಲಿದ್ದ ಕುದುರೆ ಮೈಯೆಲ್ಲ ಕೆಸರು ಮೆತ್ತಿಕೊಂಡು, ಹೊಟ್ಟೆ ಉಬ್ಬಿಸಿಕೊಂಡು, ನಮ್ಮೂರ ಜಟಕಾ ಕುದುರೆ ಥರ ಕಾಣುತ್ತಿತ್ತು. ರೇಸ್ ಗೆದ್ದ ಕುದುರೆ ಅಂದರೆ ನಂಬಲಾಗಲಿಲ್ಲ.

ಹೀಗೆ ತಾನಾಗಿ ಕೊಟ್ಟ ರಜೆ ಬೇರೆ, ಅನಿವಾರ್ಯವಾದ ರಜೆ ಬೇರೆ. ಮುಂಗಾಲಿನ ಸ್ನಾಯುರಜ್ಜು ಹರಿದರೆ ವರ್ಷವೇ ಹೋಗಬಹುದು. ಮೂಳೆಯ ಚೂರು ತೆಗೆಯುವ ಆಪರೇಷನ್ ಆದರೆ ತಿಂಗಳುಗಟ್ಟಲೆ. ಆಸ್ಟ್ರೇಲಿಯಾದಲ್ಲಿ ಓಟದ ನಂತರ ಕುದುರೆಯ ಎರಡೂ ಮೂಗಿನ ಹೊಳ್ಳೆಯಿಂದ ರಕ್ತ ಬಂದರೆ ಮೂರು ತಿಂಗಳು ರೇಸ್ ಇಲ್ಲ. ಎರಡನೇ ಸಲ ಬಂದರೆ ಜೀವನಪೂರ್ತಿ ಇಲ್ಲ. ಪಟ್ಟಿಯ ಎಕ್ಸ್ ಮಾತ್ರ ಎಲ್ಲದಕ್ಕೂ ಒಂದೇ. ಹುಲ್ಲು ತಿಂದು ಬಂದದ್ದಕ್ಕೂ ಎಕ್ಸ್, ಚಾಕು ಹಾಕಿಸಿಕೊಂಡು ಬಂದದ್ದಕ್ಕೂ ಎಕ್ಸ್.

ಎರಡು ವರ್ಷದ ಹಿಂದೆ ಕೈನ್ಟನ್‌ಗೆ ಹೋಗಿದ್ದೆ. ಮೆಲ್ಬರ್ನ್‌ನಿಂದ ಸುಮಾರು ಒಂದು ಗಂಟೆ ದಾರಿ, ಸಣ್ಣ ಊರು. ಆರು ವರ್ಷದ ಕೆಂಚು ಕುದುರೆಯೊಂದು ಹನ್ನೊಂದು ತಿಂಗಳ ನಂತರ ಬಂದಿತ್ತು. ಬೆಲೆ 41 ಡಾಲರ್. ಅಂದರೆ ಒಂದು ಹಾಕಿದರೆ, ಹಾಕಿದ್ದೂ ಸೇರಿ ನಲವತ್ತೊಂದು. ಗೆಲ್ಲುತ್ತದೆ ಅಂತ ಹೆಚ್ಚು ಜನ ನಂಬದ ಇಂಥ ಕುದುರೆಗೆ ಇಲ್ಲಿ ‘ರಫೀ’ ಅಂತ ಹೆಸರು, ನಮ್ಮಲ್ಲಿ ಔಟ್‌ಸೈಡರ್ ಅಂದಹಾಗೆ. ಹಿಂದೆ ಅದು ಗೆದ್ದದ್ದೆಲ್ಲ 2000 ಮೀಟರ್ ಆಸುಪಾಸಿನಲ್ಲಿ. ಅವತ್ತಿನ ಓಟ 1100. ಅಷ್ಟರಲ್ಲೇ ನನಗೆ ಅರ್ಥವಾಗಬೇಕಿತ್ತು. ದೂರದ ಕುದುರೆಯನ್ನು ಟ್ರೈನರ್ ಮೊದಲು ಗಿಡ್ಡ ಓಟಕ್ಕೆ ಬಿಡುವುದು ಗೆಲ್ಲಲಿ ಅಂತಲ್ಲ, ಮೈ ಬಿಡಲಿ ಅಂತ. ಕಳ್ಳಾಟ ಏನಿಲ್ಲ. ಆ ದೂರಕ್ಕೆ ಅದರ ಕೈಲಿ ಅಷ್ಟು ವೇಗ ಆಗುವುದೇ ಇಲ್ಲ. ಅದರ ಗುರಿ ಆರು ವಾರ ಆಚೆ ಇದೆ.

ಬೇಲಿ ಪಕ್ಕ ನಿಂತು ನೋಡಿದೆ. ಹೊಟ್ಟೆ ಇನ್ನೂ ದುಂಡಗಿತ್ತು. ಪಕ್ಕೆಲುಬು ಕಾಣುತ್ತಲೇ ಇರಲಿಲ್ಲ. ಹಿಂಗಾಲಿನ ಸಂದಿಯಲ್ಲಿ ಬೆವರಿನ ಬಿಳಿ ನೊರೆ. ಇಲ್ಲಿ ಸೈಸ್‌ಗೆ ಸ್ಟ್ರಾಪರ್ ಅನ್ನುತ್ತಾರೆ. ಆ ಹುಡುಗಿ ಹಗ್ಗ ಹಿಡಿದು ಹೆಣಗಾಡುತ್ತಿದ್ದಳು. ಒಂದು ವರ್ಷ ಜನವನ್ನೇ ನೋಡದ ಕುದುರೆ, ಧ್ವನಿವರ್ಧಕದ ಸದ್ದಿಗೆ ಕಿವಿ ಹಿಂದಕ್ಕೆ ಮಡಚಿತ್ತು. ಕಣ್ಣೆದುರಿಗೇ ಇಷ್ಟೆಲ್ಲ ಇದ್ದರೂ ನನ್ನ ತಲೆಯಲ್ಲಿ ಮಾವನ ದನಿ. ಇವತ್ತು ಬಿಡ್ತಾರಂತೆ. ಹತ್ತು ಡಾಲರ್ ಹಾಕಿದೆ. ಹನ್ನೊಂದರಲ್ಲಿ ಒಂಬತ್ತನೆಯದು.

ನಾನು ಮೋಸ ಹೋದದ್ದು ಯಾರಿಂದಲೂ ಅಲ್ಲ, 41 ಅನ್ನುವ ಅಂಕಿಯಿಂದ. ಎರಿಕ್ ಸ್ನೋಬರ್ಗ್ ಮತ್ತು ಜಸ್ಟಿನ್ ವುಲ್ಫರ್ಸ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ 1992ರಿಂದ 2001ರವರೆಗೆ ನಡೆದ ಓಟಗಳ ಲೆಕ್ಕ ಹಾಕಿದ್ದಾರೆ. ಪ್ರತಿ ರೇಸ್‌ನಲ್ಲೂ ಫೇವರಿಟ್ ಮೇಲೆ, ಅಂದರೆ ಎಲ್ಲಕ್ಕಿಂತ ಕಡಿಮೆ ಬೆಲೆಯ ಕುದುರೆ ಮೇಲೆ, ಹಾಕುತ್ತಾ ಹೋದರೆ ನೂರಕ್ಕೆ ಐದೂವರೆ ಹೋಗುತ್ತದೆ. ಕಣ್ಣು ಮುಚ್ಚಿ ಯಾವುದಾದರೊಂದರ ಮೇಲೆ ಹಾಕಿದರೆ 23. ಬೆಲೆ ಒಂದಕ್ಕೆ ನೂರೋ, ಅದಕ್ಕೂ ಜಾಸ್ತಿಯೋ ಇರುವ ಕುದುರೆಗಳ ಮೇಲೇ ಹಾಕಿದರೆ 61. ಅಂದರೆ ಆ ದೊಡ್ಡ ಬೆಲೆಯೂ ನಿಜಕ್ಕೂ ಸಣ್ಣದೇ. ಅದು ಗೆಲ್ಲುವ ಸಾಧ್ಯತೆ ಬೆಲೆ ಹೇಳುವುದಕ್ಕಿಂತ ಎಷ್ಟೋ ಕಡಿಮೆ. ನಮ್ಮಂಥವರು ಆಸೆಗೆ ಹಾಕಿದ ದುಡ್ಡೇ ಅದನ್ನು ಕೆಳಗಿಳಿಸಿಟ್ಟಿರುತ್ತದೆ.

ಹಾಗಾದರೆ ಪವಾಡಗಳು? ಹೌದು, ಆಗಿವೆ. ರಜೆಯಿಂದ ಬಂದ ಕುದುರೆ ಅಂದರೆ ಎಲ್ಲರೂ ಹೇಳುವುದು ಅಮೆರಿಕದ ಡಾ ಹಾಸ್ ಕಥೆ. 1996ರಲ್ಲಿ ಅಲ್ಲಿನ ದೊಡ್ಡ ರೇಸ್ ಬ್ರೀಡರ್ಸ್ ಕಪ್ ಮೈಲ್ ಗೆದ್ದಿತು. ಆಮೇಲೆ ಗಾಯ, 1997 ಪೂರ್ತಿ ಓಟವಿಲ್ಲ. 1998ರ ನವೆಂಬರ್‌ನಲ್ಲಿ ಚರ್ಚಿಲ್ ಡೌನ್ಸ್‌ನಲ್ಲಿ ಅದೇ ರೇಸ್ ಮತ್ತೆ ಗೆದ್ದಿತು. ಟ್ರೈನರ್ ಮೈಕೆಲ್ ಡಿಕಿನ್ಸನ್. ಕೇಳುವವರ ರೋಮ ಎದ್ದು ನಿಲ್ಲುತ್ತದೆ. ಆದರೆ ಹೇಳುವವರು ಒಂದು ಸಾಲು ಬಿಟ್ಟುಬಿಡುತ್ತಾರೆ. ಅದಕ್ಕೆ ತಿಂಗಳ ಮುಂಚೆ ಅಕ್ಟೋಬರ್‌ನಲ್ಲಿ ವರ್ಜೀನಿಯಾದ ಕಲೋನಿಯಲ್ ಡೌನ್ಸ್‌ನಲ್ಲಿ ಅದು ಒಂದು ಸಣ್ಣ ರೇಸ್ ಓಡಿತ್ತು. ಬ್ರೀಡರ್ಸ್ ಕಪ್ ಅದರ ಸೆಕೆಂಡ್ ಅಪ್.

ನಮ್ಮೂರಿನ, ಅಂದರೆ ಈಗ ನಮ್ಮೂರಾದ ಮೆಲ್ಬರ್ನ್‌ನ ಕಥೆಯೂ ಹೀಗೇ. 2015ರ ಮೆಲ್ಬರ್ನ್ ಕಪ್ ಗೆದ್ದ ಪ್ರಿನ್ಸ್ ಆಫ್ ಪೆನ್‌ಜಾನ್ಸ್‌ನ ಬೆಲೆ ಒಂದಕ್ಕೆ ನೂರು. ಆ ಕಪ್ ಗೆದ್ದ ಮೊದಲ ಹೆಣ್ಣು ಜಾಕಿ ಮಿಶೆಲ್ ಪೇನ್ ಅದರ ಮೇಲಿದ್ದರು. ಕುದುರೆ ಗಾಯ, ಆಪರೇಷನ್ ಎಲ್ಲ ನೋಡಿ ಬಂದದ್ದು. ಆದರೆ ಕಪ್‌ಗೆ ಹತ್ತು ದಿನ ಮುಂಚೆ ಅದೇ ಊರಿನ ಮೂನೀ ವ್ಯಾಲಿ ಕಪ್‌ನಲ್ಲಿ ಎರಡನೆಯದಾಗಿ ಬಂದಿತ್ತು. ಮೈ ಬಿಟ್ಟಿತ್ತು, ದೂರ ತಾಳುತ್ತಿತ್ತು. ಎಲ್ಲರ ಕಣ್ಣೆದುರಿಗೇ ಅಚ್ಚಾಗಿತ್ತು. ಆದರೂ ಒಂದಕ್ಕೆ ನೂರು. ವಿಂಕ್ಸ್‌ನಂಥ ಕುದುರೆ ಸ್ಪೆಲ್ ಮುಗಿಸಿ ಮೊದಲ ಓಟವನ್ನೇ ಗೆಲ್ಲುತ್ತಿತ್ತು, ನಿಜ. ಸತತ 33 ರೇಸ್ ಗೆದ್ದ ಕುದುರೆ ಅದು. ಆದರೆ ಒಂದು ಡಾಲರ್ ಹಾಕಿದರೆ ಹೆಚ್ಚಾಗಿ ಸಿಗುತ್ತಿದ್ದ ಲಾಭ ಹತ್ತಿಪ್ಪತ್ತು ಸೆಂಟ್.

ಆದ್ದರಿಂದ ನಾನು ಈಗ ಫಸ್ಟ್ ಅಪ್ ದಿನ ಔಟ್‌ಸೈಡರ್ ಮೇಲೆ ದುಡ್ಡು ಹಾಕುವುದಿಲ್ಲ. ಸುಮ್ನೆ ನೋಡುತ್ತೇನೆ. ಒಂಬತ್ತನೆಯದಾಗಿ ಬಂದರೂ ಹೇಗೆ ಬಂತು? ಕೊನೆಯ 200 ಮೀಟರ್‌ನಲ್ಲಿ ಹೆಜ್ಜೆ ಹಿಗ್ಗಿತಾ, ಕುಗ್ಗಿತಾ? ಜಾಕಿ ಚಾಟಿ ತೆಗೆದನಾ? ಮುಂದಿನ ಓಟಕ್ಕೆ ದೂರ ಜಾಸ್ತಿ ಮಾಡಿದರಾ? ಜನ ಪಟ್ಟಿಯಲ್ಲಿ 9 ಅನ್ನುವ ಅಂಕಿ ನೋಡಿ ಪುಟ ತಿರುಗಿಸುತ್ತಾರೆ. ಎರಡನೆಯ, ಮೂರನೆಯ ಓಟಕ್ಕೂ ಬೆಲೆ ಸಾಕಷ್ಟು ದೊಡ್ಡದೇ ಉಳಿದಿರುತ್ತದೆ. ಹಾಕುವುದಿದ್ದರೆ ಆಗ.

ಮಾವನಿಗೆ ಇದನ್ನು ಹೇಳಿದರೆ ಸಪ್ಪೆ ಅನ್ನಿಸುತ್ತದೆ. “ಅದು ರೇಸ್ ಅಲ್ಲ ಕಣೋ, ಗುಮಾಸ್ತಗಿರಿ.” ಸುಳ್ಳಲ್ಲ. ಕುದುರೆ ರೇಸ್ ಕೌಶಲದ ಆಟ ಅಂತ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಮಾವ ಆ ತೀರ್ಪನ್ನು ಅತ್ತೆಯ ಮುಂದೆ ಹಲವು ಸಲ ಹೇಳಿದ್ದಾರೆ. ಆದರೆ ಈಗ ಬೆಂಗಳೂರಿನಲ್ಲಿ ಗುಮಾಸ್ತಗಿರಿ ಮಾಡಿದರೂ ಗಿಟ್ಟುವುದಿಲ್ಲ. 2023ರ ಅಕ್ಟೋಬರ್‌ನಿಂದ ಹಾಕಿದ ಪೂರ್ತಿ ದುಡ್ಡಿನ ಮೇಲೆ ಶೇ. 28 ಜಿಎಸ್‌ಟಿ, 2025ರ ಸೆಪ್ಟೆಂಬರ್‌ನಿಂದ ಶೇ. 40. ಮೇಲೆ ಗೆದ್ದದ್ದಕ್ಕೆ ಆದಾಯ ತೆರಿಗೆ ಬೇರೆ. ಇಲ್ಲಿ ನನ್ನಂಥ ಹವ್ಯಾಸಿ ಗೆದ್ದದ್ದಕ್ಕೆ ತೆರಿಗೆ ಕಟ್ಟಬೇಕಿಲ್ಲ. ಮೆಲ್ಬರ್ನ್ ಕ್ರಮವೇ ಮೇಲು ಅಂತ ನಾನು ಹೇಳುವಾಗ ಈ ಅನುಕೂಲ ನನ್ನ ಬೆನ್ನಿಗಿದೆ ಅನ್ನುವುದನ್ನೂ ಒಪ್ಪಬೇಕು. ಇಲ್ಲಿಯ ಟಿವಿಯಲ್ಲಿ ಬೆಟ್ಟಿಂಗ್ ಜಾಹೀರಾತು ನೋಡಿ ನೋಡಿ ಸಾಕಾಗಿದೆ ಅನ್ನುವುದನ್ನೂ.

ಕೈನ್ಟನ್‌ನ ಆ ಕೆಂಚು ಕುದುರೆಯ ಹೆಸರು ಬರೆದಿಟ್ಟುಕೊಂಡಿದ್ದೆ. ಮೂರು ವಾರ ಬಿಟ್ಟು 1400 ಮೀಟರ್ ಓಡಿ ಆರನೆಯದಾಯಿತು. ಹೊಟ್ಟೆ ಇಳಿದಿತ್ತು. ಮತ್ತೆ ಮೂರು ವಾರಕ್ಕೆ 2000. ಬೆಲೆ 19 ಡಾಲರ್. ಎರಡನೆಯದೋ ಮೂರನೆಯದೋ ಬಂದರೂ ದುಡ್ಡು ಬರುವ ‘ಪ್ಲೇಸ್’ ಬಿಟ್ಟು, ಗೆಲ್ಲಲಿ ಅಂತಲೇ ಹತ್ತು ಹಾಕಿ, ಮಾವನಿಗೂ ವಾಟ್ಸಾಪ್‌ನಲ್ಲಿ ತಿಳಿಸಿದೆ. ಕೊನೆಯ ತಿರುವಿನಲ್ಲಿ ಅದು ಹೊರಗಡೆಯಿಂದ ಬಂದ ರೀತಿ ನೋಡಿ ನಾನು ಅಡುಗೆಮನೆಯಲ್ಲಿ ಕಿರುಚಿದ್ದಕ್ಕೆ ಮಗಳು ಓಡಿ ಬಂದಳು. ಅರ್ಧ ಕತ್ತಿನಷ್ಟರಲ್ಲಿ ಎರಡನೆಯದು.

ಹತ್ತು ನಿಮಿಷಕ್ಕೆ ಮಾವನ ಫೋನ್. “ಪ್ಲೇಸ್‌ಗೆ ಯಾಕೋ ಹಾಕ್ಲಿಲ್ಲ?”

ಉತ್ತರ ಹೊಳೆಯಲಿಲ್ಲ. ಆ ಓಟದ ನಂತರ ಅದನ್ನು ಮತ್ತೆ ಹುಲ್ಲಿಗೆ ಬಿಟ್ಟರು. ಈಗ ಅದರ ಸಾಲು ಹೀಗಿದೆ: 962, ಆಮೇಲೆ ಎಕ್ಸ್.