ಎರಡು ಪಿನ್ನಿನ ಪುಸ್ತಕ

ಮಂಗಳೂರಿನ ಮತ್ಸ್ಯಗಂಧ ರೈಲು ಮುಂಬಯಿಯ ಕುರ್ಲಾ ಟರ್ಮಿನಸ್ಸಿಗೆ ಬಂದು ನಿಂತಾಗ ಬರ್ತಿನ ಕೆಳಗಿಂದ ಹೊರಡುವ ಚೀಲಗಳಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ ಇರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹಪ್ಪಳ ಮುರಿಯದಿರಲೆಂದು ಎರಡು ಕಟ್ಟುಗಳ ನಡುವೆ ರಟ್ಟಿನ ಹಾಗೆ ಸೇರಿಸಿಟ್ಟ ತೆಳ್ಳಗಿನ ಚಿತ್ರಪುಸ್ತಕಗಳೂ ಒಮ್ಮೊಮ್ಮೆ ಇರುತ್ತವೆ. ಮೊಮ್ಮಗುವಿಗೆ ನಾಲ್ಕು ಅಕ್ಷರ ಕನ್ನಡ ಬರಲಿ ಎಂದು ಅಜ್ಜಿ ಪೇಟೆಯಲ್ಲಿ ಆರಿಸಿ ತಂದದ್ದು. 16 ಪುಟ, ಬೆನ್ನಿಗೆ ಎರಡು ಪಿನ್ನು. ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ 8 ಎಲೆ, ಎರಡೂ ಬದಿ ಸೇರಿ 16 ಪುಟ. ಅದಕ್ಕೇ ಈ ಪುಸ್ತಕಗಳು 16, 24, 32 ಎಂದು ಲೆಕ್ಕ ಹಿಡಿದು ಹುಟ್ಟುತ್ತವೆ. 19 ಪುಟದಲ್ಲಿ ಮುಗಿಯುವ ಕತೆಗೆ ಇಲ್ಲಿ ಜಾಗವಿಲ್ಲ.

ಮುಂಬಯಿಯ ಮನೆಯಲ್ಲಿ ಇದನ್ನು ಓದುವವರು ಮೂವರು. ಮಗು ಚಿತ್ರ ಓದುತ್ತದೆ. ಅಪ್ಪನೋ ಅಮ್ಮನೋ ಅಕ್ಷರ ಓದುತ್ತಾರೆ, ಕೂಡಿಸಿ ಕೂಡಿಸಿ. ಅವರು ಬೆಳೆದದ್ದು ಡೊಂಬಿವಲಿಯಲ್ಲೋ ಭಾಂಡುಪಿನಲ್ಲೋ, ಕಲಿತದ್ದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ, ಮನೆಮಾತು ಬಹಳ ಮಂದಿಗೆ ತುಳು. ಕನ್ನಡ ಕಿವಿಗೆ ಸಲೀಸು, ಕಣ್ಣಿಗೆ ತೊಡಕು. ಮೂರನೆಯವರು ಅಜ್ಜಿ. ಅವರು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಲೇ, ಪುಸ್ತಕದ ಕಡೆ ತಿರುಗಿಯೂ ನೋಡದೆ, ತಪ್ಪು ತಿದ್ದುತ್ತಾರೆ. ಆದ್ದರಿಂದ ಮುಖಪುಟದ ಮೇಲೆ ‘ಸುಲಭ ಓದು’ ಎಂದಿದ್ದರೆ ಅದು ಮೊದಲು ಅನ್ವಯಿಸುವುದು ತೊಡೆ ಕೊಟ್ಟು ಕೂತ ದೊಡ್ಡವರಿಗೆ. ಮಗುವಿಗೇನು, ಅದು ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಆನೆಯನ್ನು ಗುರುತಿಸುತ್ತದೆ.

ಸುಲಭ ಎಂದರೆ ಏನು ಎಂಬಲ್ಲಿ ಕನ್ನಡಕ್ಕೆ ಅದರದೇ ಒಂದು ಪೇಚಾಟವಿದೆ. ಒತ್ತಕ್ಷರ ಬೇಡ ಎಂಬುದು ಮೊದಲ ಹಂತದ ಪುಸ್ತಕ ಮಾಡುವವರ ಹಳೆಯ ಪಥ್ಯ. ಪಥ್ಯ ಹಿಡಿದು ನೋಡಿ: ಅಮ್ಮ, ಅಪ್ಪ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ, ಅತ್ತೆ ಎಲ್ಲರೂ ಮನೆ ಬಿಟ್ಟು ಹೊರಟರು. ಉಳಿಯುವವರು ತಂಗಿ, ಮಾವ, ನಾದಿನಿ, ಮೈದುನ. ಇವರನ್ನಿಟ್ಟುಕೊಂಡು ಎರಡು ವರ್ಷದ ಮಗುವಿಗೆ ಏನು ಕತೆ ಹೇಳುವುದು? ಅದು ರಾತ್ರಿ ಎಂಟರ ಧಾರಾವಾಹಿಯ ಸರಕು. ಊಟಕ್ಕೆ ಬಂದರೆ ಅನ್ನ, ತುಪ್ಪ, ಬೆಲ್ಲ, ರೊಟ್ಟಿ, ಹಣ್ಣು, ಇಡ್ಲಿ ಹೋದವು. ದೋಸೆ, ಹಾಲು, ಮೊಸರು ಉಳಿದವು. ಬೆಕ್ಕು, ಹಕ್ಕಿ, ಕಪ್ಪೆ, ಎಮ್ಮೆ ಹೋದವು. ಆನೆ, ಇಲಿ, ಮೊಲ, ನರಿ, ಆಮೆ ಉಳಿದದ್ದು ಪುಣ್ಯ. ಕೊನೆಗೆ ನಿದ್ದೆಯೂ ಇಲ್ಲ. ‘ಇಲ್ಲ’ ಎನ್ನುವುದಕ್ಕೂ ಒತ್ತಕ್ಷರವೇ ಬೇಕು.

ತಿಳಿದವರು ಇಲ್ಲಿ ಜಗಳಕ್ಕೆ ನಿಲ್ಲದೆ ರಾಜಿಯಾಗುತ್ತಾರೆ. ಅಮ್ಮ, ಅಪ್ಪ, ಅಜ್ಜಿ, ಬೆಕ್ಕು ಇಂಥ ಐದಾರು ಪದಗಳನ್ನು ಮಗು ಅಕ್ಷರ ಬಿಡಿಸದೆ ಇಡಿಯಾಗಿ, ಒಂದು ಚಿತ್ರವೆಂಬಂತೆ ಗುರುತಿಸುತ್ತದೆ. ಅವು ಇರಲಿ. ಕೈ ಹಾಕಬೇಕಾದದ್ದು ಕ್ರಿಯಾಪದಕ್ಕೆ. ‘ಓಡುತ್ತದೆ, ಬರುತ್ತದೆ, ಹೋಗುತ್ತದೆ’ ಎಂದು ಬರೆದರೆ ಪ್ರತಿ ವಾಕ್ಯದ ತುದಿಯಲ್ಲೂ ತಕ್ಕೆ ತಒತ್ತು ಬಂದು ಕೂರುತ್ತದೆ. ಅದೇ ಕತೆಯನ್ನು ‘ಓಡಿತು, ಬಂತು, ಹೋಯಿತು’ ಎಂದು ನಡೆದುಹೋದ ಕಾಲದಲ್ಲಿ ಹೇಳಿದರೆ ಒತ್ತು ತಾನಾಗಿ ಉದುರುತ್ತದೆ, ಮಾತೂ ಅಜ್ಜಿ ಹೇಳಿದ ಹಾಗೆ ಕೇಳುತ್ತದೆ. ಒಂದೇ ಹೊಡೆತಕ್ಕೆ ಪುಸ್ತಕದ ಅರ್ಧ ಕಷ್ಟ ಕಳೆಯಿತು.

ಪದಗಳನ್ನು ಎಣಿಸುವುದೂ ಇನ್ನೊಂದು ಮೋಸ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಮಕ್ಕಳ ಕತೆಗಳ ಜಾಲತಾಣದಲ್ಲಿ ಕತೆಗಳಿಗೆ ನಾಲ್ಕು ಹಂತ. ಮೊದಲ ಹಂತಕ್ಕೆ 250 ಪದಗಳ ಮಿತಿ. ಎಲ್ಲ ಭಾಷೆಗೂ ಒಂದೇ ಅಳತೆಪಟ್ಟಿ. ಆದರೆ ‘ಮನೆಯೊಳಗಿನಿಂದಲೇ’ ಎಂಬುದು ಕನ್ನಡದಲ್ಲಿ ಒಂದೇ ಪದ, ಎಂಟು ಅಕ್ಷರದ ರೈಲು. ಆದ್ದರಿಂದ ಕನ್ನಡದಲ್ಲಿ ಪದಕ್ಕಿಂತ ಅಕ್ಷರ ಎಣಿಸುವುದು ಮೇಲು. ಮೊದಲ ಓದಿಗೆ ಎರಡು ಮೂರು ಅಕ್ಷರದ ಪದ, ವಾಕ್ಯಕ್ಕೆ ಮೂರು ನಾಲ್ಕು ಪದ, ಪುಟಕ್ಕೆ ಎರಡು ಸಾಲು. ಅದಕ್ಕಿಂತ ಹೆಚ್ಚಿದರೆ ಅಪ್ಪ ಮೊಬೈಲಿಗೆ ಕೈ ಹಾಕುತ್ತಾನೆ.

ಅಕ್ಷರಮಾಲೆಯ ಪಟದಿಂದ ಶುರು ಮಾಡುವವರೂ ಇದ್ದಾರೆ. ಅರಸ, ಆನೆ, ಇಲಿಯವರೆಗೆ ದಾರಿ ಚೆನ್ನಾಗಿದೆ. ಮುಂದೆ ಋಷಿ, ಠಸ್ಸೆ, ಢಕ್ಕೆ ಬಂದಾಗ ತೋರಿಸುವವರೇ ತಡವರಿಸುತ್ತಾರೆ. ಙ ಬಂದಾಗ ಚಿತ್ರಕಾರ ಕೈಚೆಲ್ಲುತ್ತಾನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಎಂಬ ಶಾಲಾ ಕಲಿಕೆಯ ಪದ್ಧತಿ ಈ ಸಾಲನ್ನೇ ಕದಡಿತು: ಮೊದಲು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಅರಸ, ಅಗಸ, ಸರ, ಗರಗಸ ಓದಲು ಬಂತು. ಮುಂದಿನ ಜ, ವ, ಮ, ಬ, ನ ಸೇರಿದರೆ ಮರ, ದನ, ಜನ, ಮಗ. ಹತ್ತು ಅಕ್ಷರಕ್ಕೆ ಒಂದು ಪುಟ್ಟ ಊರೇ ನಿಂತಿತು. ಮನೆಯಲ್ಲಿ ಕಲಿಸುವವರಿಗೆ ಇದು ಪಟಕ್ಕಿಂತ ಬೇಗ ಕೈಹಿಡಿಯುತ್ತದೆ. ಪುಣೆಯ ಬಾಲಭಾರತಿ ಮಹಾರಾಷ್ಟ್ರದ ಶಾಲೆಗಳಿಗೆ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಪುಣೆಯದೇ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ಕೇಳಿನೋಡಬಹುದು. ಆದರೆ ಅದು ಆರು ವರ್ಷದ ಮಾತು. ನಾವು ಹೇಳುತ್ತಿರುವುದು ಇನ್ನೂ ಹಾಳೆಯ ಮೂಲೆ ಬಾಯಿಗಿಡುವವರ ವಿಷಯ.

ದೇವನಾಗರಿ ಓದಿ ಬಂದ ಕಣ್ಣಿಗೆ ಬೀಳುವ ದೊಡ್ಡ ಗುಂಡಿ ಬೇರೆಯೇ ಇದೆ. ಮರಾಠಿಯಲ್ಲಿ ಎ-ಏ, ಒ-ಓ ಎಂಬ ಗಿಡ್ಡ-ಉದ್ದದ ಭೇದ ಬರವಣಿಗೆಯಲ್ಲಿಲ್ಲ. ಹೀಗಾಗಿ ಕನ್ನಡದ ದೀರ್ಘದ ಬಾಲ ಕಣ್ಣಿಗೆ ಕಂಡರೂ ನಾಲಿಗೆಗೆ ಇಳಿಯುವುದಿಲ್ಲ. ಬೇಳೆ ಬೆಳೆಯಾಗುತ್ತದೆ, ಮೊಲ ಮೋಲವಾಗುತ್ತದೆ, ‘ಹಾಲು ಕೊಡು’ ಎಂಬುದು ‘ಹಾಲು ಕೋಡು’ ಆಗುತ್ತದೆ. ಅಡುಗೆಮನೆಯಿಂದ ನಗು ಕೇಳಿಬರುವುದು ಈ ಹೊತ್ತಿಗೇ: ‘ಹಾಲಿಗೆ ಯಾವಾಗ ಮಾರಾಯ ಕೋಡು ಮೂಡಿದ್ದು?’

ಅನುವಾದದ ಪುಸ್ತಕಗಳಲ್ಲಿ ತೊಡಕು ಅಕ್ಷರದ್ದಲ್ಲ, ಉಸಿರಿನದ್ದು. ‘ಇದು ಒಂದು ಬೆಕ್ಕು ಆಗಿದೆ’ ಎಂದು ಅಚ್ಚಾದ ಪುಟಗಳು ಇನ್ನೂ ಮಾರುಕಟ್ಟೆಯಲ್ಲಿವೆ. ಯಾವಾಗ ಆಯಿತು? ಅದಕ್ಕೂ ಮೊದಲು ಏನಾಗಿತ್ತು? ‘ಇದು ಬೆಕ್ಕು’ ಎಂದರೆ ಮುಗಿಯಿತು. ಇನ್ನೊಂದು ಸೂಕ್ಷ್ಮ ಇದೆ, ಅದನ್ನು ಗಟ್ಟಿಯಾಗಿ ಓದಿದಾಗ ಮಾತ್ರ ಹಿಡಿಯಬಹುದು. ಕನ್ನಡದಲ್ಲಿ ಕ್ರಿಯೆ ವಾಕ್ಯದ ತುದಿಗೆ ಬರುತ್ತದೆ. ಪುಟ ತಿರುಗಿಸುವ ಆಟಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಕರಣ ಸಿಗಲಾರದು. ‘ಇಲಿ ಮೆಲ್ಲಗೆ ಹಾಲಿನ ಲೋಟದೊಳಗೆ...’ ಎಂದು ಬಲಪುಟ ನಿಂತಿತು. ಬಿದ್ದಿತೋ, ಇಣುಕಿತೋ, ಬಾಲ ಅದ್ದಿತೋ? ಪುಟ ತಿರುಗಿಸಿದರೇ ಗೊತ್ತು. ಕ್ರಿಯೆ ಮೊದಲು ಹೇಳುವ ಭಾಷೆಗೆಂದು ಚಿತ್ರಗಳನ್ನು ಜೋಡಿಸಿದ ಪುಸ್ತಕವನ್ನು ಹಾಗೇ ತಿರುಗಿಸಿದರೆ, ‘ಇಲಿ ಬಿದ್ದಿತು’ ಎಂಬ ಗುಟ್ಟು ಮೊದಲೇ ಬಯಲಾಗಿ, ಮುಂದಿನ ಪುಟದಲ್ಲಿ ‘ಹಾಲಿನ ಲೋಟದೊಳಗೆ’ ಎಂಬುದು ಒಂಟಿಯಾಗಿ ಜೋತಾಡುತ್ತದೆ. ಅನುವಾದಕರಿಗೆ ಚಿತ್ರ ಕೊಡದೆ ಬರೀ ಮಾತಿನ ಪಟ್ಟಿ ಕಳಿಸಿದರೆ ಆಗುವುದೇ ಇದು.

ಈ ಆಟ ಊರ ಕತೆಗಳಿಗೆ ಮೊದಲಿನಿಂದಲೂ ಗೊತ್ತು. ಕಾಗಕ್ಕ-ಗುಬ್ಬಕ್ಕನನ್ನೇ ತೆಗೆದುಕೊಳ್ಳಿ. ಇಲ್ಲಿನ ಮಕ್ಕಳು ಬಾಲವಾಡಿಯಲ್ಲಿ ಇದನ್ನೇ ಚಿಊ-ಕಾಊ ಎಂದು ಮರಾಠಿಯಲ್ಲಿ ಕೇಳಿಕೊಂಡು ಬರುತ್ತಾರೆ. ಅಲ್ಲಿ ಕಾಗೆಯ ಮನೆ ಶೇಣದ್ದು, ಎಂದರೆ ಸಗಣಿಯದ್ದು, ಗುಬ್ಬಿಯದ್ದು ಮೇಣದ್ದು. ಶೇಣಕ್ಕೆ ಮೇಣ ಪ್ರಾಸ. ಕನ್ನಡದಲ್ಲಿ ಸಗಣಿಗೂ ಮೇಣಕ್ಕೂ ಪ್ರಾಸ ಕೂಡದು. ಅದಕ್ಕೇ ಇರಬೇಕು, ನಮ್ಮ ಗುಬ್ಬಕ್ಕ ಕಲ್ಲಿನ ಮನೆ ಕಟ್ಟಿಕೊಂಡಿದ್ದಾಳೆ. ಮಳೆ ಬಂತು, ಸಗಣಿ ಮನೆ ಕರಗಿತು, ಕಾಗಕ್ಕ ಬಾಗಿಲು ತಟ್ಟಿದಳು. ತಾಳು, ಮರಿಗೆ ನೀರು ಹಾಕ್ತಿದ್ದೇನೆ. ತಾಳು, ಹಾಲು ಕುಡಿಸ್ತಿದ್ದೇನೆ. ತಾಳು, ತೊಟ್ಟಿಲು ತೂಗ್ತಿದ್ದೇನೆ.

ಇದನ್ನು 16 ಪುಟಕ್ಕೆ ಹಂಚಿ ನೋಡಿ. 1ನೇ ಪುಟ ಹೆಸರಿಗೆ. 2-3ರಲ್ಲಿ ಎರಡು ಮನೆ. 4-5, 6-7, 8-9, 10-11 ಒಂದೊಂದು ತಟ್ಟುವಿಕೆ. 12-13ರಲ್ಲಿ ಬಾಗಿಲು ತೆರೆಯಿತು, 14-15ರಲ್ಲಿ ಒಳಗಿನ ಬೆಚ್ಚನೆ, 16ರಲ್ಲಿ ಎಲ್ಲರೂ ಮಲಗಿದರು. ಎಡಪುಟದಲ್ಲಿ ಹೊರಗಿನ ಮಳೆ, ಬಲಪುಟದಲ್ಲಿ ಗುಬ್ಬಕ್ಕನ ದೀಪ, ನಡುವಿನ ಮಡಿಕೆಯೇ ಬಾಗಿಲು. ನಟ್ಟನಡುವಿನ 8-9ನೇ ಪುಟ ಬಿಚ್ಚಿದಾಗ ಎರಡು ಪಿನ್ನೂ ಮಡಿಕೆಯಲ್ಲಿ ಕಾಣುತ್ತವೆ, ಮೇಲೊಂದು ಕೆಳಗೊಂದು ಚಿಲಕ ಹಾಕಿದ ಹಾಗೆ. ಮಗುವಿನ ಬೆರಳು ತಪ್ಪದೆ ಅಲ್ಲಿಗೇ ಹೋಗುತ್ತದೆ.

ಕೆಲವು ಮನೆಗಳ ಕತೆಯಲ್ಲಿ ಕಾಗೆ ಕೊನೆಗೆ ಒಲೆಯ ಮೇಲೆ ಕೂತು ಸುಟ್ಟುಕೊಳ್ಳುತ್ತದೆ. ಮಲಗುವ ಹೊತ್ತಿನ ಪುಸ್ತಕಕ್ಕೆ ಅದು ಬೇಡ ಎನ್ನುವವರ ಮಾತು ಒಪ್ಪುವಂಥದ್ದೇ. ಹಾಗೆಂದು ಗುಬ್ಬಕ್ಕ ಮೊದಲ ಸಲಕ್ಕೇ ಬಾಗಿಲು ತೆಗೆದು ಟವೆಲ್ಲು ಕೊಟ್ಟುಬಿಟ್ಟರೆ ಕತೆಯೇ ಕರಗಿತು, ಸಗಣಿ ಮನೆಗಿಂತ ಬೇಗ. ಮೆದುವಾದ ಪುಸ್ತಕದಲ್ಲೂ ಮಳೆ ಇರಬೇಕು, ಕಾಗೆ ನೆನೆಯಬೇಕು. ಬಾಗಿಲು ಮಾತ್ರ ತೆರೆಯಬೇಕು. ಓದುವವರು ಹದಿನೆಂಟು ತಿಂಗಳ ಮಗುವಿಗೆ ‘ಏನಿದು?’ ಎಂದು ಪರೀಕ್ಷೆ ಮಾಡದೆ ‘ಕಾಗೆ ಎಲ್ಲಿ?’ ಎಂದು ಕೇಳಲಿ. ಹೆಸರು ಹೇಳಲು ಬಾಯಿ ಬರುವ ಮೊದಲೇ ಬೆರಳಿಗೆ ಉತ್ತರ ಗೊತ್ತಿರುತ್ತದೆ. ಮುಂಬಯಿಯ ಮಗುವಾದರೆ ಪಾರಿವಾಳ ತೋರಿಸಿ ‘ಕಬೂತರ್’ ಅಂದೀತು. ಆಗಲಿ, ಕಿಟಕಿಯಾಚೆ ಏಸಿಯ ಮೇಲೆ ಕೂತಿರುವುದು ಅದೇ ತಾನೆ.

ಸಂಘ-ಸಂಸ್ಥೆಗಳವರು ಹಬ್ಬಕ್ಕೆಂದು ಇಂಥ ಪುಸ್ತಕವನ್ನು ಇಲ್ಲೇ ಅಚ್ಚು ಹಾಕಿಸಲು ಹೊರಟರೆ ಒಂದು ಎಚ್ಚರ ಬೇಕು. ಪ್ರೆಸ್ಸಿನಲ್ಲಿ ಪುಟ ಕೂರಿಸುವವರಿಗೆ ಕನ್ನಡ ಬಾರದು. ಸಾಫ್ಟ್‌ವೇರು ಹಳೆಯದಾದರೆ, ಇಲ್ಲವೇ ಭಾರತೀಯ ಲಿಪಿಯ ಆಯ್ಕೆ ಒತ್ತಿರದಿದ್ದರೆ, ಒತ್ತು ಕಳಚಿ ‘ಅಮ್ಮ’ ಹೋಗಿ ‘ಅಮ್‌ಮ’ ಆಗುತ್ತದೆ, ‘ಹಕ್ಕಿ’ ‘ಹಕ್‌ಕಿ’ ಆಗುತ್ತದೆ. ಅವರ ಕಣ್ಣಿಗೆ ಎರಡೂ ಒಂದೇ ಜಿಲೇಬಿ. ಮೊದಲು ಅಮ್ಮ, ಹಕ್ಕಿ, ಸೂರ್ಯ, ಕೃಷ್ಣ, ವಸ್ತ್ರ ಎಂಬ ಐದು ಪದ ಮಾತ್ರ ಅಚ್ಚು ಹಾಕಿಸಿ ನೋಡಬೇಕು. ಕೊನೆಯ ಫೈಲಿನಲ್ಲಿ ಅಕ್ಷರಗಳನ್ನು ರೇಖೆಯಾಗಿ (ಔಟ್‌ಲೈನ್) ಬದಲಿಸಿ ಕೊಡಬೇಕು. ಅಕ್ಷರದ ಗಾತ್ರ 22-24 ಪಾಯಿಂಟ್ ಇರಲಿ, ಸಾಲಿನ ಅಂತರ ಅದರ ಒಂದೂವರೆ ಪಟ್ಟು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಅಕ್ಷರ ಚಿಕ್ಕದಾದರೆ ದ-ಧ, ಬ-ಭಗಳ ಸಣ್ಣ ಗೀಟು ಮಸಿಯಲ್ಲಿ ಮುಚ್ಚಿಹೋಗುತ್ತದೆ.

ಮನೆಯಲ್ಲೇ ಪ್ರಿಂಟರ್ ಇದ್ದರೆ, ಸ್ಟೋರಿವೀವರ್‌ನಂಥ ಮುಕ್ತ ಪರವಾನಗಿಯ ಕತೆಯನ್ನು ಇಳಿಸಿಕೊಂಡು ನಾಲ್ಕು ಎ4 ಹಾಳೆಯಲ್ಲಿ 16 ಪುಟದ ಪುಸ್ತಕ ಮಾಡಬಹುದು. ಹಾಳೆಯ ಒಂದು ಬದಿಯಲ್ಲಿ ಅಕ್ಕಪಕ್ಕ ಬರುವ ಪುಟಸಂಖ್ಯೆಗಳ ಮೊತ್ತ ಯಾವಾಗಲೂ 17: 16 ಮತ್ತು 1, 2 ಮತ್ತು 15, 14 ಮತ್ತು 3. ಎರಡು ಬದಿ ಅಚ್ಚಿನಲ್ಲಿ ಹಾಳೆ ಗಿಡ್ಡ ಅಂಚಿನ ಮೇಲೆ ಮಗುಚಬೇಕು. ಉದ್ದ ಅಂಚೆಂದು ಒತ್ತಿದಿರೋ, ಕಾಗಕ್ಕ ಕಾಲು ಮೇಲೆ ಮಾಡಿ ಬಾಗಿಲು ತಟ್ಟುತ್ತಾಳೆ. ಇನ್ನು ಪಿನ್ನು. ಮೇಜಿನ ಸ್ಟೇಪ್ಲರಿನ ಬಾಯಿ ನಡುಮಡಿಕೆಯವರೆಗೆ ಮುಟ್ಟದು. ಸ್ಟೇಪ್ಲರನ್ನು ಪೂರಾ ಬಿಚ್ಚಿ, ಹಾಳೆಯ ಕೆಳಗೆ ಒಂದು ಹವಾಯಿ ಚಪ್ಪಲಿ ಇಟ್ಟು, ಹೊರಗಿನಿಂದ ಒತ್ತಿ, ಒಳಗೆ ಬಂದ ಕಾಲುಗಳನ್ನು ಚಮಚದ ಹಿಂಬದಿಯಿಂದ ಮಡಚಬೇಕು.

ಆದರೆ ಜೂನ್ ಬರುತ್ತದಲ್ಲ. ಈ ಊರಿನ ಉಪ್ಪುಗಾಳಿಗೆ ಪಿನ್ನು ಎರಡು ಮಳೆಗಾಲ ತಡೆಯುವುದು ಹೆಚ್ಚು. ತಂತಿಯ ಮೇಲಿನ ಲೇಪ ತೆಳು. ಅದು ಹೋದೊಡನೆ ಕಂದು ಕಲೆ ಕಾಗದಕ್ಕೆ ಇಳಿದು, ಅಲ್ಲೇ ಕಾಗದ ಪುಡಿಯಾಗಿ, ಮೊದಲು ಉದುರುವುದು ನಡುಹಾಳೆ. ಹೊಳಪಿನ ಆರ್ಟ್ ಪೇಪರಿಗೆ ಬೇರೆ ಕಾಯಿಲೆ. ಅದರ ಮೇಲಿನ ಜೇಡಿಯ ಲೇಪ ನೀರು ಬಿದ್ದರೆ ಅಂಟಾಗುತ್ತದೆ. ಲೋಟದ ಹಾಲು ಚೆಲ್ಲಿದಾಗ ‘ಒಣಗಲಿ’ ಎಂದು ಮುಚ್ಚಿಟ್ಟರೆ ಪುಟಗಳು ಇಟ್ಟಿಗೆಯಂತೆ ಕೂಡಿಕೊಂಡು, ಬಿಡಿಸಿದಾಗ ಚಿತ್ರವೇ ಕಿತ್ತು ಬರುತ್ತದೆ. ಒದ್ದೆ ಇರುವಾಗಲೇ ಒಂದೊಂದು ಪುಟವನ್ನೂ ಬಿಡಿಸಿ ನಡುವೆ ಬಟರ್ ಪೇಪರ್ ಇಡಬೇಕು, ಆಮೇಲೆ ಫ್ಯಾನು.

ತುಕ್ಕು ಹಿಡಿದ ಪಿನ್ನನ್ನು ಚಾಕುವಿನ ತುದಿಯಿಂದ ಒಳಗಿನಿಂದ ಎತ್ತಿ ತೆಗೆದು ದಾರ ಹಾಕುವುದು ಹತ್ತು ನಿಮಿಷದ ಕೆಲಸ. ಮಡಿಕೆಯಲ್ಲಿ ಮೂರು ತೂತು: ನಡುವೆ ಒಂದು, ಅದರಿಂದ ಆರು ಸೆಂಟಿಮೀಟರ್ ಮೇಲೊಂದು, ಕೆಳಗೊಂದು. ಹಳೆಯ ತೂತಿನ ಜಾಗ ಬಿಡಿ, ಅಲ್ಲಿ ಕಾಗದ ಸತ್ತಿದೆ. ದಾರ ಪುಸ್ತಕದ ಎತ್ತರದ ಎರಡೂವರೆ ಪಟ್ಟು. ಸೂಜಿ ಒಳಗಿನಿಂದ ನಡುತೂತಿಗೆ ಹೋಗಿ ಹೊರಬರಲಿ, ಮೇಲಿನ ತೂತಿನಿಂದ ಒಳಗೆ ಬರಲಿ, ಒಳಗೇ ನಡುವನ್ನು ದಾಟಿ ಕೆಳತೂತಿನಿಂದ ಹೊರಗೆ, ಮತ್ತೆ ನಡುತೂತಿನಿಂದ ಒಳಗೆ. ಈಗ ದಾರದ ಎರಡು ತುದಿಗಳು ಒಳಗಿನ ಉದ್ದ ಹೊಲಿಗೆಯ ಆಚೆಗೊಂದು ಈಚೆಗೊಂದು ಇರಬೇಕು. ಅದನ್ನು ತಬ್ಬಿಸಿ ಗಂಟು ಹಾಕಿ. ಗಂಟು ಹೊರಗೆ ಬಂದರೆ ಮಗು ಪುಸ್ತಕ ತೆರೆಯದೆ ಅದನ್ನೇ ಎಳೆಯುತ್ತ ಕೂರುತ್ತದೆ. ಒಳಗಿದ್ದರೂ ಎಳೆಯದೆ ಬಿಡುವುದಿಲ್ಲ. ಆದರೆ ಅದಕ್ಕೆ 8ನೇ ಪುಟದವರೆಗೆ ಬರಬೇಕು. ಅಷ್ಟರಲ್ಲಿ ಕಾಗಕ್ಕ ಮೂರು ಸಲ ಬಾಗಿಲು ತಟ್ಟಿರುತ್ತಾಳೆ.