ಸೈಟ್ ಮಾಡಿಸಿದಿರಿ ಸರಿ, ಅಪ್‌ಡೇಟ್ ಯಾರು ಮಾಡ್ತಾರೆ?

ಶಿವಮೊಗ್ಗದಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲಸ ನನ್ನದು. ತೀರ್ಥಹಳ್ಳಿ, ಸಾಗರ ಕಡೆಯ ಹೋಂಸ್ಟೇಗಳು, ಅಡಿಕೆ ಸೊಸೈಟಿಗಳು, ಶಾಲೆಗಳು ಬರುತ್ತವೆ. ಬಣ್ಣ, ಫೋಟೋ, ಅಧ್ಯಕ್ಷರ ಸಂದೇಶ ಎಲ್ಲದರ ಬಗ್ಗೆಯೂ ಗಂಟೆಗಟ್ಟಲೆ ಮಾತಾಗುತ್ತದೆ. ಸೈಟ್ ನಡೆಸುವ ಸಾಫ್ಟ್‌ವೇರ್‌ನ ಅಪ್‌ಡೇಟ್ ವಿಷಯ ತೆಗೆದರೆ ಮಾತ್ರ, "ಚೆನ್ನಾಗೇ ನಡೀತಿದೆಯಲ್ಲ ಮಾರಾಯ್ರೇ, ಸುಮ್ನೆ ಯಾಕೆ ಮುಟ್ಟೋದು?" ಅನ್ನುತ್ತಾರೆ.

ಯಾಕೆ ಅಂದರೆ ಇದಕ್ಕೆ. 2014ರ ಅಕ್ಟೋಬರ್ 15ರಂದು ಡ್ರೂಪಲ್ ಅನ್ನೋ, ಸೈಟ್ ನಡೆಸುವ ಉಚಿತ ಸಾಫ್ಟ್‌ವೇರ್‌ನ 7ನೇ ಆವೃತ್ತಿಯಲ್ಲಿ ದೊಡ್ಡ ದೋಷವಿದೆ, ಸರಿಪಡಿಸಿದ 7.32 ಹಾಕಿಕೊಳ್ಳಿ ಅಂತ ಪ್ರಕಟಣೆ ಬಂತು. ಹೊರಗಿನವರು ಡೇಟಾಬೇಸ್‌ಗೆ ತಮ್ಮ ಆಜ್ಞೆ ತೂರಿಸದಂತೆ ತಡೆಯಲೆಂದೇ ಬರೆದ ಕೋಡ್‌ನಲ್ಲೇ ತೂತಿತ್ತು. ಲಾಗಿನ್ ಫಾರ್ಮ್‌ನಲ್ಲಿ ಹೆಸರಿನ ಜಾಗಕ್ಕೆ ಒಂದು ಅರೇ (ಹೆಸರು ಹಚ್ಚಿದ ಮೌಲ್ಯಗಳ ಪಟ್ಟಿ) ಕಳಿಸಿದರೆ, ಅದರ ಕೀಗಳು, ಅಂದರೆ ಆ ಹಚ್ಚಿದ ಹೆಸರುಗಳು, ಹಾಗ್ಹಾಗೇ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆ) ಒಳಗೆ ಹೋಗುತ್ತಿದ್ದವು. ಪಾಸ್‌ವರ್ಡೇ ಬೇಡ! ಸರಿಪಡಿಸಿದ್ದು ಒಂದೇ ಸಾಲಿನಲ್ಲಿ, ಕೀಗಳನ್ನು ಬಿಟ್ಟು ಮೌಲ್ಯಗಳನ್ನಷ್ಟೇ ಉಳಿಸುವ 'ಅರೇ_ವ್ಯಾಲ್ಯೂಸ್' ಅನ್ನೋ ಫಂಕ್ಷನ್ ಸೇರಿಸಿ.

ಆ ಸಾಲನ್ನು ಕಳ್ಳರೂ ಓದಿದರು. ಎಲ್ಲಿ ಸರಿ ಮಾಡಿದ್ದಾರೋ ಅಲ್ಲೇ ತೂತಿತ್ತು ಅಂತ ಗೊತ್ತಾಯಿತಲ್ಲ. ಅಕ್ಟೋಬರ್ 29ಕ್ಕೆ ಡ್ರೂಪಲ್‌ನ ಸೆಕ್ಯುರಿಟಿ ತಂಡವೇ ಹೇಳಿತು: ಮೊದಲ ಪ್ರಕಟಣೆ ಬಂದ 7 ತಾಸಿನೊಳಗೆ ಸರಿ ಮಾಡದ ಪ್ರತಿ ಸೈಟೂ ಕೈತಪ್ಪಿದೆ ಅಂತಲೇ ತಿಳಿಯಿರಿ. ನಮ್ಮ ಗಡಿಯಾರದಲ್ಲಿ ಅದು ರಾತ್ರಿ 9.30ರಿಂದ ಬೆಳಗಿನ ಜಾವ 4.30. ನಾವು ಮಲಗಿ ಏಳುವುದರೊಳಗೆ! ಇನ್ನೊಂದು ಎಚ್ಚರಿಕೆಯೂ ಇತ್ತು: ನೀವು ಮುಟ್ಟದೇ ಸೈಟ್ ತಾನಾಗಿ ಸರಿಯಾಗಿದ್ದರೆ ಅದೂ ಅನುಮಾನದ್ದೇ. ಒಳಗೆ ಬಂದವರು ಬೇರೆ ಕಳ್ಳರು ಬರದಂತೆ ತಾವೇ ತೂತು ಮುಚ್ಚುತ್ತಿದ್ದರು.

"ಫ್ರೀ ಸಾಫ್ಟ್‌ವೇರ್ ಅಲ್ವಾ, ಅಷ್ಟೇ" ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕೋಡ್ ಯಾರು ಬೇಕಾದರೂ ಓದುವಂತೆ ತೆರೆದಿದ್ದಕ್ಕೇ ಹೊರಗಿನ ಒಂದು ಕಂಪನಿ ಪರಿಶೀಲಿಸುವಾಗ ದೋಷ ಕಂಡು ತಿಳಿಸಿತು. ತಂಡ ಸರಿ ಮಾಡಿತು, ಜಗತ್ತಿಗೆ ಬಹಿರಂಗವಾಗಿ ಹೇಳಿತು. ಅವರ ಕೆಲಸ ಅವರು ಮಾಡಿದರು. ಉಳಿದದ್ದು ಸೈಟ್ ಇಟ್ಟುಕೊಂಡ ನಮ್ಮದು.

ಮಳೆಗಾಲದಲ್ಲಿ ಆಗುಂಬೆ ಕಡೆ ಕರೆಂಟ್ ಹೋಗಿ ಫೋನೂ ಸತ್ತಿರುತ್ತದೆ. ಆದರೆ ನಿಮ್ಮ ಸೈಟ್ ಇರುವ ಸರ್ವರ್ ಎಲ್ಲೋ ದೂರದಲ್ಲಿ ನಡೀತಾನೇ ಇರುತ್ತದೆ, ಯಾರು ಬಡಿದರೂ ಉತ್ತರ ಕೊಡುತ್ತಾ. ಅತಿಥಿಗಳ ಹೆಸರು, ಫೋನ್ ನಂಬರ್, ಸದಸ್ಯರ ವಿವರ ಎಲ್ಲ ಅಲ್ಲೇ ಇದೆ. ಅದು ನಮ್ಮನ್ನು ನಂಬಿ ಕೊಟ್ಟ ಮಾಹಿತಿ.

ಡ್ರೂಪಲ್ 7ಕ್ಕೆ 2025ರ ಜನವರಿ 5ಕ್ಕೆ ಬೆಂಬಲವೇ ಮುಗಿದಿದೆ. ಇನ್ನೂ ಅದರಲ್ಲೇ ಇರುವವರು ದಯವಿಟ್ಟು ಹೊರಗೆ ಬನ್ನಿ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ವರ್ಡ್‌ಪ್ರೆಸ್, 2013ರ 3.7 ವರ್ಷನ್‌ನಿಂದಲೇ ಸಣ್ಣ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ತಾನೇ ಹಾಕಿಕೊಳ್ಳುತ್ತದೆ, ಅದನ್ನು ಆಫ್ ಮಾಡಿಸಬೇಡಿ. ಹೊಸದಾಗಿ ಮಾಡಿಸುವವರು ಕೊಟೇಶನ್‌ನಲ್ಲೇ ವರ್ಷದ ನಿರ್ವಹಣೆ ಬರೆಸಿಕೊಳ್ಳಿ. ಹಳಬರು ಸೈಟ್ ಮಾಡಿಕೊಟ್ಟವರಿಗೆ ಇವತ್ತೇ ಫೋನ್ ಮಾಡಿ: ಯಾವ ವರ್ಷನ್, ಕೊನೆಯ ಅಪ್‌ಡೇಟ್ ಯಾವಾಗ, ಬ್ಯಾಕಪ್ ಎಲ್ಲಿದೆ?