ಯಾರಿಗೂ ಹೇಳಬೇಡಿ, ಶೇರ್ ಮಾತ್ರ ಮಾಡಿ

ಮತ್ತೊಂದು ಕಮರಿಗೆ ಬೇಲಿ ಬಿತ್ತು. ಸುದ್ದಿ ನೀವೂ ಓದಿರುತ್ತೀರಿ, ಪ್ರತಿ ಸಲ ಜಾಗದ ಹೆಸರು ಬದಲಾಗುತ್ತದೆ ಅಷ್ಟೆ. ಕಾಲೇಜು ಹುಡುಗ ಹುಡುಗಿಯರ ಗುಂಪು, 'ಯಾರಿಗೂ ಗೊತ್ತಿಲ್ಲದ ಜಾಗ', ಸಂಜೆ ಹೊತ್ತಿಗೆ ಹಗ್ಗ, ಟಾರ್ಚು, ಟೀವಿ ಕ್ಯಾಮೆರಾ, ಮರುದಿನ ಪ್ರವೇಶ ನಿಷೇಧ.

ಯಾರಿಗೂ ಗೊತ್ತಿಲ್ಲದ ಜಾಗದ ಮೊದಲ ಲಕ್ಷಣ ಏನು ಗೊತ್ತಾ? ಅಲ್ಲಿ ಫೋಟೊಗೆ ಕ್ಯೂ ಇರುತ್ತದೆ. ಅದೇ ಬಂಡೆ, ಅದೇ ಭಂಗಿ. ಬೆನ್ನು ನಮ್ಮ ಕಡೆ, ಎರಡೂ ಕೈ ಅಗಲ, ಮನುಷ್ಯ ಜಾತಿಯಲ್ಲಿ ಈ ಕಮರಿಯನ್ನು ಮೊದಲು ಕಂಡವನೇ ತಾನು ಅನ್ನೋ ಗತ್ತು. ಕ್ಯಾಮೆರಾ ಹಿಂದೆ ನಲವತ್ತು ಜನ ಸರದಿ ಕಾಯುತ್ತಾ, 'ಬೇಗ ಬೇಗ ಕಂಡುಹಿಡೀರಿ ಮಾರಾಯ್ರೆ, ನಾವೂ ಕಂಡುಹಿಡಿಯಬೇಕು' ಅಂತ ಗೊಣಗುತ್ತಿರುತ್ತಾರೆ.

ದಾರಿ ತೋರಿಸುವವನ ಬಗ್ಗೆ ನನಗೆ ವಿಶೇಷ ಗೌರವ. ಪ್ರತಿ ಗುಂಪಿನಲ್ಲೂ 'ನಂಗೆ ದಾರಿ ಗೊತ್ತು, ಸುಮ್ನೆ ಬನ್ರೋ' ಅನ್ನುವ ಒಬ್ಬ ಇದ್ದೇ ಇರುತ್ತಾನೆ. ಅವನ ಅನುಭವ ಅಂದರೆ ಮೂವತ್ತು ಸೆಕೆಂಡಿನ ಒಂದು ವಿಡಿಯೊ. ಆ ವಿಡಿಯೊದಲ್ಲಿ ಇಳಿಯುವುದು ಕಾಣುತ್ತದೆ, ಹತ್ತುವುದು ಕಾಣುವುದಿಲ್ಲ. ಇನ್ನೊಬ್ಬ ಸ್ಪೀಕರ್ ಹೊತ್ತು ತರುತ್ತಾನೆ. ಕುಡಿಯೋ ನೀರು ಮರೆತಿರುತ್ತಾನೆ, ಸ್ಪೀಕರ್ ಚಾರ್ಜ್ ಮಾಡುವುದನ್ನು ಮರೆತಿರುವುದಿಲ್ಲ. ನಿಶ್ಶಬ್ದವಾಗಿದೆ ಅಂತ ಹುಡುಕಿಕೊಂಡು ಬಂದ ಜಾಗ ಇಷ್ಟೊಂದು ನಿಶ್ಶಬ್ದವಾಗಿದ್ದರೆ ಹೇಗೆ, ಬೋರಾಗುವುದಿಲ್ವಾ! ಮೂರನೆಯವನು ಕೀಲಿಯಿಂದ ಗೋಡೆ ಮೇಲೆ ಹೆಸರು ಕೆತ್ತುತ್ತಾನೆ. ನೀರು ಮರಳು, ಕಲ್ಲು ಹೊತ್ತುಕೊಂಡು ಬಂದು ಸಾವಿರಾರು ವರ್ಷ ಉಜ್ಜಿ ಉಜ್ಜಿ ಮಾಡಿದ ಗೋಡೆ ಅದು. ಹುಡುಗ ಎರಡೇ ನಿಮಿಷದಲ್ಲಿ ಅದನ್ನು ಪೂರ್ತಿಗೊಳಿಸಿ, ಕೆಳಗೊಂದು ಹೃದಯವನ್ನೂ ಬರೆಯುತ್ತಾನೆ.

ಹುಡುಗರನ್ನು ಮಾತ್ರ ಆಡಿಕೊಂಡರೆ ಅನ್ಯಾಯ. ಐಸ್‌ಲ್ಯಾಂಡಿನಲ್ಲಿ ಫ್ಯಾಡ್ರಾರ್‌ಗ್ಲ್ಯೂಫರ್ ಅಂತ ಒಂದು ಕಮರಿ ಇದೆ. ನಾಲಿಗೆ ಉಳುಕಿದರೆ ನನ್ನನ್ನು ಕೇಳಬೇಡಿ. 2015ರಲ್ಲಿ ಜಸ್ಟಿನ್ ಬೀಬರ್ ಒಂದು ಹಾಡಿನ ವಿಡಿಯೊದಲ್ಲಿ ಅಲ್ಲಿ ಓಡಾಡಿದ. ಆಮೇಲೆ ಪ್ರಪಂಚವೆಲ್ಲ ಅಲ್ಲಿ ಓಡಾಡಿತು. ಜನರ ಕಾಲಡಿ ಸಿಕ್ಕಿ ಪಾಚಿ, ಹುಲ್ಲು ಎಲ್ಲ ಹಾಳಾಗಿ 2019ರಲ್ಲಿ ಬಾಗಿಲು ಹಾಕಬೇಕಾಯಿತು. ಅಲ್ಲಿಗೆ ಹೋದವರೆಲ್ಲ ವಿದ್ಯಾರ್ಥಿಗಳೇನಲ್ಲ. ದೊಡ್ಡವರೂ ಇದ್ದರು, ಬೇಲಿ ದಾಟಲು ವಯಸ್ಸಿನ ಮಿತಿ ಇಲ್ಲ.

ಇನ್ನು ಬೋರ್ಡುಗಳು. 'ಅಪಾಯ. ಇಳಿಯಬೇಡಿ.' ಎಂಥ ಸಾಹಿತ್ಯ! ಏನು ಅಪಾಯ, ಯಾವಾಗ ಅಪಾಯ, ಯಾಕೆ ಅಪಾಯ, ಒಂದಕ್ಷರ ಇಲ್ಲ. ಬಿಸಿಲಿದ್ದಾಗಲೂ ಅದೇ ಬೋರ್ಡು, ಮಳೆಗಾಲಕ್ಕೂ ಅದೇ ಬೋರ್ಡು, ಒಣಗಿದ ಹಳ್ಳಕ್ಕೂ ಅದೇ. ಎಲ್ಲ ಕಡೆ ಅಪಾಯ ಅಂತ ಬರೆದರೆ ಯಾವುದೂ ಅಪಾಯ ಅನ್ನಿಸುವುದಿಲ್ಲ. ಕೊನೆಗೆ ಅದು ಬೈಕ್ ನಿಲ್ಲಿಸುವ ಗುರುತಾಗುತ್ತದೆ. 'ಬೋರ್ಡ್ ಹತ್ರ ಸಿಗು.'

ನಿಜವಾದ ಬೋರ್ಡು ಒಳಗಿರುತ್ತದೆ. ಇಕ್ಕಟ್ಟಾದ ಕಮರಿಗೆ ಹೋದವರು ಒಮ್ಮೆ ತಲೆ ಎತ್ತಿ ನೋಡಬೇಕು. ಎರಡು ಗೋಡೆಗಳ ನಡುವೆ, ಕೈಗೆಟುಕದಷ್ಟು ಎತ್ತರದಲ್ಲಿ, ಒಂದು ಮರದ ದಿಮ್ಮಿ ಸಿಕ್ಕಿಕೊಂಡಿರುತ್ತದೆ. ಅದನ್ನು ಯಾರೂ ಏಣಿ ಹಾಕಿ ಇಟ್ಟಿಲ್ಲ. ಹಿಂದಿನ ಸಲ ನೀರು ಬಂದಿದ್ದು ಅಲ್ಲಿಯವರೆಗೆ. ಗೋಡೆ ಅಷ್ಟು ನುಣುಪಾಗಿರುವುದೂ ಅದಕ್ಕೇ. ನಾವು ಆ ದಿಮ್ಮಿ ಕೆಳಗೇ ನಿಂತು 'ಸೂಪರ್ ಫ್ರೇಮ್ ಮಗಾ' ಅನ್ನುತ್ತೇವೆ.

ಅದೂ ನಮ್ಮ ತಲೆ ಮೇಲೆ ಮಳೆ ಬರಬೇಕು ಅಂತೇನಿಲ್ಲ. 1997ರ ಆಗಸ್ಟ್ 12ರಂದು ಅಮೆರಿಕದ ಅರಿಝೋನಾದ ಆ್ಯಂಟಿಲೋಪ್ ಕಮರಿಯಲ್ಲಿ 11 ಪ್ರವಾಸಿಗಳು ಸತ್ತರು. ಜೋರು ಮಳೆ ಬಂದಿದ್ದು ಹಲವು ಕಿಲೋಮೀಟರ್ ಮೇಲೆ, ನೀರು ಬಂದು ನುಗ್ಗಿದ್ದು ಇವರ ಮೇಲೆ. ಈಗ ಅಲ್ಲಿ ಗೈಡ್ ಇಲ್ಲದೆ ಬಿಡುವುದಿಲ್ಲ, ಬಂಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಮೆಟ್ಟಿಲು ಬಂದಿವೆ. ಗೈಡ್, ಮೆಟ್ಟಿಲು ಇದ್ದರೆ ಕಮರಿಯ ಮಜಾ ಏನೂ ಕಡಿಮೆಯಾಗುವುದಿಲ್ಲ, ಜನ ಇಂದಿಗೂ ಹೋಗುತ್ತಲೇ ಇದ್ದಾರೆ. ಆದರೆ ಅದಕ್ಕೆ ಒಬ್ಬ ಮನುಷ್ಯ ದಿನಾ ಕೆಲಸಕ್ಕೆ ಬರಬೇಕು. ಬೋರ್ಡಿಗೆ ಸಂಬಳ ಕೊಡಬೇಕಾಗಿಲ್ಲ, ರಜೆಯೂ ಬೇಡ.

ಮಳೆಯೇ ಬೇಕಾಗಿಲ್ಲ ಅನ್ನುವುದನ್ನು ನಾವು 2014ರ ಜೂನ್ 8ರಂದು ನೋಡಿದೆವು. ಹಿಮಾಚಲದ ಬಿಯಾಸ್ ನದಿ, ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಬಂಡೆಗಳ ಮೇಲೆ ಫೋಟೊ ತೆಗೆಯುತ್ತಾ ನಿಂತಿದ್ದರು. ಮೇಲೆ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು. ಅಷ್ಟೆ. ಅವರು ಯಾರೂ ಹುಚ್ಚಾಟ ಆಡುತ್ತಿರಲಿಲ್ಲ. ಸುಮ್ಮನೆ ನಿಂತಿದ್ದರು. ಆದರೂ ಇಂಥ ಪ್ರತಿ ಸಾವಿನ ಮರುದಿನ ನಮ್ಮಲ್ಲಿ 'ಯುವಜನರ ಹುಚ್ಚಾಟ' ಅನ್ನೋ ಹೆಡ್‌ಲೈನ್ ರೆಡಿ ಇರುತ್ತದೆ, ಕೆಳಗೆ 'ಅಪ್ಪ ಅಮ್ಮ ಬುದ್ಧಿ ಕಲಿಸಿಲ್ಲ' ಅನ್ನೋ ಕಮೆಂಟೂ ರೆಡಿ. ಸಾಕಾಗಿ ಹೋಗಿದೆ ಇದನ್ನು ಓದಿ. ನೀರು ಬಿಡುವವನಿಗೆ ಮೊದಲೇ ಗೊತ್ತು, ಕೆಳಗೆ ನಿಂತವನಿಗೆ ಗೊತ್ತಿಲ್ಲ, ಬುದ್ಧಿ ಹೇಳುವುದು ಮಾತ್ರ ಕೆಳಗೆ ನಿಂತವನಿಗೆ!

ಕಾಲೇಜುಗಳು ಮಾತ್ರ ಪಾಠ ಕಲಿತಿವೆ. ಪ್ರವಾಸಕ್ಕೆ ಮುಂಚೆ ಒಂದು ಮುಚ್ಚಳಿಕೆ ಪತ್ರ ಬರೆಸಿಕೊಳ್ಳುತ್ತವೆ. 'ಯಾವುದೇ ಅನಾಹುತಕ್ಕೆ ಸಂಸ್ಥೆ ಹೊಣೆಯಲ್ಲ.' ಪೋಷಕರ ಸಹಿ, ವಿದ್ಯಾರ್ಥಿಯ ಸಹಿ, ಅಂಟಿಸಲು ಫೋಟೊ, ರಕ್ತದ ಗುಂಪಿಗೊಂದು ಕಾಲಂ, ಹಳೆಯ ಕಾಯಿಲೆಗೆ ಇನ್ನೊಂದು. ಎಲ್ಲವನ್ನೂ ಕೇಳುತ್ತಾರೆ. ಹೊಳೆಯ ಮೇಲ್ಭಾಗದಲ್ಲಿ ಅಣೆಕಟ್ಟು ಇದೆಯಾ, ಇದ್ದರೆ ಇವತ್ತು ನೀರು ಬಿಡುತ್ತಾರಾ, ಅಲ್ಲಿನ ಫೋನ್ ನಂಬರ್ ಯಾವುದು ಅಂತ ಕೇಳುವ ಕಾಲಂ ಮಾತ್ರ ಆ ಫಾರಂನಲ್ಲಿಲ್ಲ.